ರಾಗಿಯ ಸರದಿ

ಮಹಾರಾಣಿ ಕೆಂಪನಂಜಮ್ಮಣ್ಣಿಯವರು ನೀಡಿದ ಹೆಬ್ಬಾಳದ 30 ಎಕರೆ ಭೂಮಿಯಲ್ಲಿ 1899ರಲ್ಲಿ ಮೈಸೂರು ಸಂಸ್ಥಾನದ ಕೃಷಿಸಂಶೋಧನೆಯು ಬೇರೂರಿತು. ಅಲ್ಲಿ ಯಾವ ಬೆಳೆಗೆ ಮೊದಲ ಗಮನ ಸಂದಿತೆಂಬುದು ಕೇಳಬೇಕಾದ ಪ್ರಶ್ನೆ. 1908ರಲ್ಲಿ ಬಂದ ಲೆಸ್ಲಿ ಕೋಲ್ಮನ್ನರು ಮೊದಮೊದಲು ಕೈಹಾಕಿದ್ದು ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ. ಬೋರ್ಡೋ ದ್ರಾವಣದ ಸಿಂಪರಣೆಯು ತೋಟಗಳನ್ನು ಉಳಿಸಿತು. ಕಾಫಿಗೂ 1925ರಲ್ಲಿ ಬಾಳೆಹೊನ್ನೂರಿನ ಬಳಿ ಸಂಶೋಧನಾ ಕೇಂದ್ರ ದೊರೆಯಿತು. ತೋಟದ ಬೆಳೆಗಳಿಗೆ ಪೇಟೆಯಿದ್ದಿತು, ಬೆಳೆಗಾರರಿಗೆ ಧ್ವನಿಯಿದ್ದಿತು. ಬಡ ಒಕ್ಕಲಿನ ಹೊಟ್ಟೆ ತುಂಬುತ್ತಿದ್ದ ರಾಗಿಗೆ ಇವೆರಡೂ ಇರಲಿಲ್ಲ. ಹಾಗಿದ್ದೂ 1918ರಲ್ಲಿ ಎಚ್-22 ರಾಗಿ ತಳಿಯನ್ನು ಹೊರತಂದುದೇ ಆ ಇಲಾಖೆಯ ನಿಜವಾದ ಹಿರಿಮೆಯೆಂದು ನನ್ನ ಎಣಿಕೆ. ಆದರೆ ಆಯ್ಕೆಯ ವಿಧಾನವು ಇರುವ ಗುಣವನ್ನಷ್ಟೇ ಹೆಕ್ಕಬಲ್ಲುದು. ರಾಗಿಯ ಹೂವೋ ಅತಿ ಸಣ್ಣದು, ಸ್ವಪರಾಗಸ್ಪರ್ಶದ್ದು. ಸಂಕರಕ್ಕೆ ಸುಲಭವಾಗಿ ಒಗ್ಗದು. ಈ ತೊಡಕನ್ನು ದಾಟಿ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ತಳಿಗಳನ್ನು ನಮ್ಮವುಗಳೊಡನೆ ಕೂಡಿಸಿ ಪಡೆದ 'ಇಂಡಾಫ್' ತಳಿಗಳು ಹೊಲಗಳಿಗೆ ಬರುವ ವೇಳೆಗೆ ಅರ್ಧ ಶತಮಾನ ಕಳೆದಿದ್ದಿತು.