ಏರಿತ್ ಮತ್ತು ಫೀನಿಕ್ಸ್ ಗರಿ

ಕೆಲವು ವರ್ಷಗಳ ಹಿಂದೆ ನನ್ನ ಮಗಳು ‘ಫೈನಲ್ ಫ್ಯಾಂಟಸಿ 7’ ಆಡುತ್ತಿದ್ದಳು. ಕಥೆಯ ಮಧ್ಯೆ ಏರಿತ್ ಎಂಬ ಹುಡುಗಿಯನ್ನು ಸೆಫಿರೋತ್ ಕತ್ತಿಯಿಂದ ಇರಿದು ಕೊಲ್ಲುತ್ತಾನೆ. 1997ರಲ್ಲಿ ಈ ಆಟ ಬಂದಾಗ ಎಷ್ಟೋ ಜನ ಅತ್ತ ದೃಶ್ಯ ಅದು. ಇವಳೂ ಅಳುತ್ತಾಳೆಂದು ನಾನು ಕಾದೆ. ಅವಳು ಹುಬ್ಬು ಗಂಟಿಕ್ಕಿ, “ಅಪ್ಪಾ, ನನ್ನ ಹತ್ರ ಇಪ್ಪತ್ತು ಫೀನಿಕ್ಸ್ ಡೌನ್ ಇದೆ. ಒಂದನ್ನೂ ಬಳಸೋಕೆ ಯಾಕೆ ಬಿಡ್ತಿಲ್ಲ?” ಎಂದಳು.

ಫೀನಿಕ್ಸ್ ಡೌನ್ ಎಂದರೆ ಆ ಆಟದ ಅಂಗಡಿಗಳಲ್ಲಿ 300 ಗಿಲ್‌ಗೆ ಸಿಗುವ ಗರಿ. ಕಾಳಗದಲ್ಲಿ ಬಿದ್ದವರನ್ನು ಅದು ಎಬ್ಬಿಸುತ್ತದೆ. ಏರಿತ್‌ಳನ್ನೇ ಮಗಳು ಹಲವು ಸಲ ಹಾಗೆ ಎಬ್ಬಿಸಿದ್ದಳು. ಈಗ ಮಾತ್ರ ಆಗದು ಎಂದರೆ? ನಮ್ಮಲ್ಲಿ ಇದಕ್ಕೆ ಒಳ್ಳೆಯ ಪದವಿದೆ: ರಸಭಂಗ.

ಈ ರಸಭಂಗದ ಮೂಲ ಹುಡುಕುತ್ತ ಹೋದವನು ನಾನಿರುವ ಮಿನಿಯಾಪೋಲಿಸ್‌ನ ಪಕ್ಕಕ್ಕೇ ಬಂದು ನಿಂತೆ. 1971ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ‘ಚೈನ್‌ಮೇಲ್’ ಎಂಬ ಯುದ್ಧದಾಟದ ನಿಯಮಗಳನ್ನು ಪ್ರಕಟಿಸಿದರು. ಮೇಜಿನ ಮೇಲೆ ಪುಟ್ಟ ಸೈನಿಕರ ಗೊಂಬೆಗಳು. ಸಾಮಾನ್ಯ ಸೈನಿಕನಿಗೆ ಒಂದು ಏಟು ಬಿದ್ದರೆ ಮುಗಿಯಿತು. ಅದೇ ಕಾಲಕ್ಕೆ ಸೇಂಟ್ ಪಾಲ್‌ನಲ್ಲಿ ಡೇವ್ ಆರ್ನೆಸನ್ ಗೆಳೆಯರನ್ನು ಕೂಡಿಸಿ ಬ್ಲ್ಯಾಕ್‌ಮೂರ್ ಎಂಬ ಕಲ್ಪಿತ ನಾಡಿನ ಆಟ ನಡೆಸುತ್ತಿದ್ದರು. ಅಲ್ಲಿ ಆಟಗಾರನಿಗೆ ಸೈನ್ಯವಿಲ್ಲ, ಹೆಸರಿಟ್ಟು ಸಾಕಿದ ಒಂದು ಪಾತ್ರ. ಅದು ಒಂದೇ ದಾಳಕ್ಕೆ ಸತ್ತರೆ ಯಾರಿಗೆ ತಾನೇ ಸಹಿಸಲಾದೀತು? ಆರ್ನೆಸನ್ ತಮ್ಮ ಹಡಗುಕಾಳಗದ ಆಟದಲ್ಲಿ ಕಬ್ಬಿಣದ ಹೊದಿಕೆಯ ಹಡಗು ಎಷ್ಟು ಪೆಟ್ಟು ತಾಳೀತು ಎಂದು ಹಾಕಿದ್ದ ಲೆಕ್ಕವನ್ನು ಮನುಷ್ಯರಿಗೂ ಅನ್ವಯಿಸಿದರು. 1974ರಲ್ಲಿ ಗೈಗ್ಯಾಕ್ಸ್ ಮತ್ತು ಆರ್ನೆಸನ್‌ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಬಂದಾಗ ಹಿಟ್ ಪಾಯಿಂಟ್ ಅದರೊಳಗೆ ಸೇರಿತ್ತು.

ಹಡಗಿನ ಲೆಕ್ಕ ಮೈಗೆ ಸರಿಹೊಂದದು. ಹತ್ತು ಇರಿತ ತಿಂದು ನಿಲ್ಲುವವರು ಯಾರು? ಗೈಗ್ಯಾಕ್ಸ್‌ಗೂ ಇದು ಗೊತ್ತಿತ್ತು. ಈ ಅಂಕದಲ್ಲಿ ದೇಹಬಲದ ಜೊತೆಗೆ ಕೌಶಲ, ಅದೃಷ್ಟ, ದೈವಕೃಪೆಯೂ ಸೇರಿವೆ ಎಂದು 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ನಲ್ಲಿ ವಿವರಿಸಿದರು. ಮೇಜಿನ ಸುತ್ತ ಕೂತವರಿಗೆ ಇದು ಅಷ್ಟಾಗಿ ಬಾಧಿಸಲಿಲ್ಲವೆಂದು ನನ್ನ ಊಹೆ. ಅಲ್ಲಿ ಡಂಜನ್ ಮಾಸ್ಟರ್ ಎಂಬ ಮನುಷ್ಯನಿದ್ದ. ನಿಯಮ ಮತ್ತು ಕಥೆ ಜಗಳವಾಡಿದರೆ ಯಕ್ಷಗಾನದ ಭಾಗವತರಂತೆ ನಡುವೆ ಬಂದು, ಒಂದು ಮಾತು ಸೇರಿಸಿ ಎರಡನ್ನೂ ಹೊಂದಿಸುತ್ತಿದ್ದ.

1975ರ ಹೊತ್ತಿಗೆ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಕಂಪ್ಯೂಟರಿನಲ್ಲಿ ವಿದ್ಯಾರ್ಥಿಗಳು ಇಂಥ ಆಟಗಳನ್ನು ಬರೆಯತೊಡಗಿದರು. 1981ರಲ್ಲಿ ‘ಅಲ್ಟಿಮಾ’, ‘ವಿಜರ್ಡ್ರಿ’. 1986ರಲ್ಲಿ ಜಪಾನಿನ ‘ಡ್ರ್ಯಾಗನ್ ಕ್ವೆಸ್ಟ್’. ಅಂಕಗಳು ಯಂತ್ರದೊಳಗೆ ಬಂದವು, ಭಾಗವತರು ಬರಲಿಲ್ಲ.

ಹಾಗೆಂದು ನಿಯಮವೇ ರಸದ ಶತ್ರುವಲ್ಲ. ರಿಚರ್ಡ್ ಗ್ಯಾರಿಯಟ್‌ರ 1985ರ ‘ಅಲ್ಟಿಮಾ 4’ರಲ್ಲಿ ಮಂತ್ರದ ಸಾಮಗ್ರಿ ಮಾರುವ ಕುರುಡಿಯೊಬ್ಬಳಿದ್ದಾಳೆ. ಎಷ್ಟು ಕೊಡಬೇಕೋ ನೀವೇ ಎಣಿಸಿ ಕೊಡಬೇಕು. ಕಡಿಮೆ ಕೊಟ್ಟರೆ ಅವಳು ಏನೂ ಅನ್ನುವುದಿಲ್ಲ, ಆದರೆ ಆಟ ನಿಮ್ಮ ಪ್ರಾಮಾಣಿಕತೆಯನ್ನು ಸದ್ದಿಲ್ಲದೆ ಕಳೆಯುತ್ತದೆ. ಅಲ್ಲಿ ಲೆಕ್ಕವೂ ಕಥೆಯೂ ಒಂದೇ ಮಾತು ಹೇಳುತ್ತವೆ. ಬಡಗುತಿಟ್ಟಿನಲ್ಲೋ ತೆಂಕಿನಲ್ಲೋ ನಾಲ್ಕು ಸುತ್ತು ಕುಣಿದು ಕಾಡು ದಾಟಿದರೂ ನಾವು ನಂಬುತ್ತೇವೆ. ರಂಗಸ್ಥಳ ತಾನು ಕೊಟ್ಟ ಮಾತನ್ನು ಮುರಿಯುವುದಿಲ್ಲ. ಅವಾಸ್ತವದಿಂದ ರಸ ಕೆಡುವುದಿಲ್ಲ, ಕೊಟ್ಟ ಮಾತು ತಪ್ಪಿದಾಗ ಕೆಡುತ್ತದೆ.

ಅಂದು ನಾನೇ ಭಾಗವತನಾಗಬೇಕಾಯಿತು. ಅದೇ ವರ್ಷ ಊರಿನಲ್ಲಿ ನನ್ನ ಅಪ್ಪ ತೀರಿಕೊಂಡಿದ್ದರು. ನಾವು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. “ಆ ಗರಿ ಬಿದ್ದವರಿಗೆ ಪುಟ್ಟಾ, ಹೋದವರಿಗಲ್ಲ” ಎಂದೆ. ಆಟದಲ್ಲಿ ಎಲ್ಲೂ ಇಲ್ಲದ ಮಾತು ಅದು. ಮಗಳು ಒಪ್ಪಿದಳೋ ಇಲ್ಲವೋ ತಿಳಿಯದು. ಆ ದಿನ ಅವಳು ಮತ್ತೆ ಆಡಲಿಲ್ಲ.