ಹಳೆ ಹಾಡಿನ ಬಂಡವಾಳ

ನಮ್ಮ ಬೀದರ ಜಿಲ್ಲೆಯ ಚಿಂತಾಕಿ, ಔರಾದ ಕಡೆ ಭಜನೆಗೆ ಕೂತ ಮಂದಿ ಬೆಳಗಾಗುವ ತನಕ ಏಳುವುದಿಲ್ಲ. ಇಪ್ಪತ್ಮೂರು ನಿಮಿಷದ ಹಾಡೊಂದಿದೆ ಎಂದರೆ ಅವರು ‘ಅಷ್ಟೇನಾ?’ ಎಂದಾರು. 1972ರ ಇಂಗ್ಲೆಂಡಿಗೆ ಮಾತ್ರ ಅದು ದೊಡ್ಡ ಸಂಗತಿ. ಮೂರು ನಿಮಿಷದ ರೇಡಿಯೊ ಹಾಡಿಗೆ ಒಗ್ಗಿದ್ದ ಕಿವಿಗಳಿಗೆ ಜೆನೆಸಿಸ್ ತಂಡ ‘ಸಪ್ಪರ್ಸ್ ರೆಡಿ’ ಕೇಳಿಸಿತು. ಭಾಗ ಭಾಗವಾಗಿ ಬೆಳೆಯುವ ರಚನೆ, ನಡುನಡುವೆ ಬದಲಾಗುವ ತಾಳ, ಒಂದಿಷ್ಟು ಪಾಶ್ಚಾತ್ಯ ಶಾಸ್ತ್ರೀಯದ ವಾಸನೆ. ಪ್ರೊಗ್ರೆಸಿವ್ ರಾಕ್ ಎಂದರೆ ಹೆಚ್ಚುಕಡಿಮೆ ಇದೇ.

ಆ ತಂಡದ ಗಿಟಾರ್‌ವಾದಕ ಸ್ಟೀವ್ ಹ್ಯಾಕೆಟ್ 1971ರಲ್ಲಿ ಸೇರಿ 1977ರಲ್ಲಿ ಹೊರಬಂದರು. ಆಮೇಲೆ ಅವರದೇ ಆಲ್ಬಂಗಳು ಎಷ್ಟೋ ಬಂದವು. ಜನ ಕೇಳುತ್ತಿದ್ದದ್ದು ಮಾತ್ರ ಆ ಆರು ವರ್ಷವನ್ನೇ. 1996ರಲ್ಲಿ ಅವರು ಹಳೆ ಹಾಡುಗಳನ್ನು ಮತ್ತೆ ರೆಕಾರ್ಡ್ ಮಾಡಿದರು, 2012ರಲ್ಲಿ ಇನ್ನೊಮ್ಮೆ. ಆಮೇಲೆ ವೇದಿಕೆಯಲ್ಲಿ ಇಡಿಯಿಡೀ ಆಲ್ಬಂಗಳನ್ನೇ ನುಡಿಸತೊಡಗಿದರು. 1973ರ ‘ಫರ್ತ್ ಆಫ್ ಫಿಫ್ತ್’ ಕೇಳಿ: ಮೊದಲು ಕೊಳಲಿನಲ್ಲಿ ಬರುವ ಧಾಟಿಯನ್ನೇ ಆಮೇಲೆ ಗಿಟಾರ್ ಎತ್ತಿಕೊಳ್ಳುತ್ತದೆ, ಒಂದೊಂದು ಸ್ವರವನ್ನೂ ಉಸಿರು ಹಿಡಿದಂತೆ ಎಳೆಯುತ್ತದೆ. ಕೇಳುಗರಿಗೆ ಅದು ಹಾಗೆಯೇ ಬೇಕು. ಭೀಮಸೇನ ಜೋಶಿಯವರು ನಿನ್ನೆ ಹಾಡಿದಂತೆಯೇ ಇವತ್ತೂ ಹಾಡಲಿ ಎಂದು ನಾವು ಯಾರೂ ಬಯಸಲಿಲ್ಲ. ಈ ರಾಕ್‌ನಲ್ಲಿ ಮಾತ್ರ ಧ್ವನಿಮುದ್ರಿಕೆಯೇ ಮೂಲಪ್ರತಿ. ನನಗೆ ಇದು ಕೊಂಚ ಇಕ್ಕಟ್ಟೆನಿಸುತ್ತದೆ, ಆದರೂ ಆ ಗಿಟಾರ್ ಬಂದಾಗ ತಕರಾರು ಮರೆತುಹೋಗುತ್ತದೆ.

ಕರ್ನಾಟಕಕ್ಕೂ ಈ ಬಗೆಯ ಒಂದು ಪುನರ್ದರ್ಶನ ಬಂದದ್ದು 2002ರ ಏಪ್ರಿಲ್‌ನಲ್ಲಿ, ಬೆಂಗಳೂರಿನ ಅರಮನೆ ಮೈದಾನಕ್ಕೆ. ಇಂಗ್ಲೆಂಡಿನದೇ ಪಿಂಕ್ ಫ್ಲಾಯ್ಡ್ ತಂಡದಲ್ಲಿದ್ದ ರೋಜರ್ ವಾಟರ್ಸ್ ತಮ್ಮ ಆ ಕಾಲದ ಹಾಡುಗಳನ್ನು ಹೊತ್ತು ತಂದಿದ್ದರು. ಅವರ ತಂಡದ ಗಿಟಾರ್‌ವಾದಕ ಸ್ನೋಯಿ ವೈಟ್ 1977ರಲ್ಲಿ ಪಿಂಕ್ ಫ್ಲಾಯ್ಡ್ ಜೊತೆಗೇ ಊರೂರು ಸುತ್ತಿದ್ದವರು.

ಬೆಂಗಳೂರಿಗೆ ತನ್ನದೇ ಹಳೆ ಗಿಟಾರಿಗರು ಇರಲಿಲ್ಲವೇ? ಇದ್ದರು. 1970ರ ದಶಕದಲ್ಲಿ ಹ್ಯೂಮನ್ ಬಾಂಡೇಜ್‌ನಂಥ ತಂಡಗಳಿಗೆ ಒಳ್ಳೆಯ ಹೆಸರಿತ್ತು. ಆದರೆ ಆ ಪೀಳಿಗೆಯ ಹೆಚ್ಚಿನವರು ಆಲ್ಬಂ ಮಾಡಲೇ ಇಲ್ಲ. ಧ್ವನಿಮುದ್ರಿಕೆ ಇಲ್ಲದ ಮೇಲೆ ಮರಳಿ ಹೋಗುವುದಾದರೂ ಎಲ್ಲಿಗೆ? 1996ರಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡ ಸ್ವಂತ ಹಾಡುಗಳನ್ನೇ ನೆಚ್ಚಿಕೊಂಡು ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿತು.

ಮುಂದೆ ಬಂದವರು ಜಾಣರು. ತಮಗಿಲ್ಲದ ಹಳೆಯದನ್ನು ಬೇರೆಡೆಯಿಂದ ತಂದುಕೊಂಡರು. ಬೆಂಗಳೂರಿನ ಅಗಂ ತಂಡ ತಿರುವಾಂಕೂರಿನ ದೊರೆ ಸ್ವಾತಿ ತಿರುನಾಳರ ಧನಶ್ರೀ ತಿಲ್ಲಾನವನ್ನು ಡ್ರಮ್ಸ್, ಗಿಟಾರ್‌ಗಳ ನಡುವೆ ನಿಲ್ಲಿಸಿತು. ರಘು ದೀಕ್ಷಿತ್ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರ್ ಹಿಡಿದು ಹಾಡಿದರು. ಅದು ಪ್ರೊಗ್ರೆಸಿವ್ ರಾಕ್ ಅಲ್ಲ ಎಂದು ಶುದ್ಧವಾದಿಗಳು ಹೇಳಿದರೆ ಒಪ್ಪೋಣ. ಇಂಗ್ಲೆಂಡಿನ ಹಿರಿಯರು ತಮ್ಮ ಯೌವನಕ್ಕೆ ಮರಳಿದರೆ, ನಮ್ಮ ಕಿರಿಯರು ನೂರು ಇನ್ನೂರು ವರ್ಷ ಹಿಂದಕ್ಕೆ ಹೋದರು.

ಬೀದರಿನ ಹುಡುಗರಿಗೆ ಇದೆಲ್ಲ ದೂರ; ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಆದರೆ ತತ್ವಪದ, ಭಜನೆಗಳ ದಾಸ್ತಾನು ಇರುವುದು ಇಲ್ಲಿ. ಏಕತಾರಿಯ ಒಂದೇ ಶ್ರುತಿಯ ಮೇಲೆ ಎಲೆಕ್ಟ್ರಿಕ್ ಗಿಟಾರ್ ಎಷ್ಟು ಹೊತ್ತು ನಿಂತೀತು ಎಂಬುದನ್ನು ಈ ಊರುಗಳ ಹುಡುಗರೇ ನೋಡಬೇಕು, ಅದೂ ಈ ಸಲ ರೆಕಾರ್ಡಿಂಗ್ ಮಾಡಿಟ್ಟುಕೊಂಡು.