9 ತಿಂಗಳ ಸೇವೆ 240 ಗಂಟೆ ಆಗಿದ್ದು ಹೇಗೆ?

ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆ ಡಿಗ್ರಿ ಓದಿದವರಿಗೆ ಗೊತ್ತಿರುತ್ತೆ, ಮೊದಲ ವರ್ಷ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಬೀಳುತ್ತೆ: ಎನ್‌ಎಸ್‌ಎಸ್ ಸೇರುವವರು ಹೆಸರು ಕೊಡಿ ಅಂತ. ಬಿಕಾಂ ಓದುವಾಗ ನಾನೂ ಕೊಟ್ಟೆ. ಆ ಚೀಟಿಯ ಹಿಂದೆ ಹತ್ತು ವರ್ಷದ ಒಂದು ಜಗ್ಗಾಟ ಇದೆ.

1959ರಲ್ಲಿ ಸಿ.ಡಿ. ದೇಶಮುಖ್ ನೇತೃತ್ವದಲ್ಲಿ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. ಹೈಸ್ಕೂಲ್ ಮುಗಿಸಿ ಕಾಲೇಜಿಗೆ ಹೋಗುವ ಪ್ರತಿಯೊಬ್ಬರಿಗೂ 9 ತಿಂಗಳಿಂದ ಒಂದು ವರ್ಷ ರಾಷ್ಟ್ರೀಯ ಸೇವೆ ಕಡ್ಡಾಯ ಮಾಡಿ ಅಂದರು ಅವರು. ಅಷ್ಟು ಹುಡುಗರಿಗೆ ಊಟ, ವಸತಿ, ತರಬೇತಿ ಅಂದರೆ ಖರ್ಚೆಷ್ಟು, ನೀವೇ ಲೆಕ್ಕ ಹಾಕಿ. ಅದು ಜಾರಿಗೆ ಬರಲಿಲ್ಲ. ಆಮೇಲೆ ಬೇರೆ ದೇಶಗಳ ಪದ್ಧತಿ ಅಧ್ಯಯನ ಮಾಡಿದ ಕೆ.ಜಿ. ಸಯ್ಯದೈನ್, ಕಡ್ಡಾಯ ಬೇಡ, ಇಷ್ಟವಿದ್ದವರು ಬರಲಿ ಎಂದರು. ಅಷ್ಟರಲ್ಲಿ ಚೀನಾ ಯುದ್ಧ ಬಂತು. 1963ರಲ್ಲಿ ಎನ್‌ಸಿಸಿ ಕಡ್ಡಾಯವಾಯಿತು, 1968ರಲ್ಲಿ ಮತ್ತೆ ಐಚ್ಛಿಕವಾಯಿತು.

ಕೊನೆಗೆ 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿ ಜನ್ಮಶತಾಬ್ದಿ ವರ್ಷದಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಶುರುವಾಯಿತು. ಶುರು ಮಾಡಿದ ಶಿಕ್ಷಣ ಮಂತ್ರಿ ಯಾರು ಗೊತ್ತಾ? ಡಾ. ವಿ.ಕೆ.ಆರ್.ವಿ. ರಾವ್. ಬಳ್ಳಾರಿಯಿಂದ ಗೆದ್ದ ಸಂಸದರು, ಭಾರತದ ರಾಷ್ಟ್ರೀಯ ಆದಾಯ ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞರು. ನಮ್ಮ ನಾಗರಭಾವಿಯ ಐಸೆಕ್ ಸಂಸ್ಥೆಯನ್ನು 1972ರಲ್ಲಿ ಹುಟ್ಟುಹಾಕಿದ್ದೂ ಅವರೇ. ಆ ಗೇಟಿನ ಮುಂದೆ ಎಷ್ಟು ಸಲ ಬಸ್ಸಲ್ಲಿ ಹೋಗಿದ್ದೀನೋ, ನನಗೆ ಈ ನಂಟು ಯಾರೂ ಹೇಳಿರಲಿಲ್ಲ.

ದೇಶಮುಖರ ಒಂಬತ್ತು ತಿಂಗಳು ಇಲ್ಲಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಆಯಿತು. ಜೊತೆಗೆ ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ.

ಗಂಟೆ ಎಣಿಸುವ ಈ ಪದ್ಧತಿಯಲ್ಲಿ ಮೋಸಕ್ಕೆ ಜಾಗ ಇದೆ. ನಮ್ಮ ಕಾಲೇಜಲ್ಲಿ ವಾರ್ಷಿಕೋತ್ಸವಕ್ಕೆ ಕುರ್ಚಿ ಜೋಡಿಸಿದ್ದಕ್ಕೂ ಎನ್‌ಎಸ್‌ಎಸ್ ಗಂಟೆ ಬರೆದುಕೊಟ್ಟಿದ್ದರು. ಆದರೆ ಶಿಬಿರ ಬೇರೆ ಥರ. ಮಾಗಡಿ ಕಡೆಯ ಒಂದು ಹಳ್ಳಿ, ಶಾಲೆಯ ಕೊಠಡಿಗಳಲ್ಲಿ ಮಲಗೋದು, ಐವತ್ತು ಜನ. ಅಡುಗೆಗೊಂದು ತಂಡ, ಶ್ರಮದಾನಕ್ಕೊಂದು, ಮನೆಮನೆ ಸಮೀಕ್ಷೆಗೊಂದು. ನಾನು ಬಿಕಾಂ ಅಂತ ದುಡ್ಡಿನ ಲೆಕ್ಕ ನನ್ನ ತಲೆಗೆ ಬಂತು. ತಲೆಗಿಷ್ಟು ಅಂತ ಬರುವ ಹಣದಲ್ಲಿ ಅಕ್ಕಿ, ಬೇಳೆ, ತರಕಾರಿ, ಗ್ಯಾಸ್ ಎಲ್ಲಾ ತೂಗಿಸಬೇಕು. ಮೂರನೇ ದಿನವೂ ಬೆಳಗ್ಗೆ ಉಪ್ಪಿಟ್ಟೇ ಅಂದಾಗ ಐವತ್ತು ಮುಖಗಳ ಮುಂದೆ ನಿಂತು ಯಾಕೆ ಅಂತ ಹೇಳಬೇಕು. ಲೀಡರ್‌ಶಿಪ್ ಬಗ್ಗೆ ಆಮೇಲೆ ಎಷ್ಟೋ ವರ್ಕ್‌ಶಾಪ್ ನೋಡಿದೆ, ಯಾವುದರಲ್ಲೂ ಉಪ್ಪಿಟ್ಟಿನ ಪಾಠ ಇರಲಿಲ್ಲ.

ಕಲ್ಯಾಣಿಯ ಹೂಳು ತೆಗೀತಿದ್ದಾಗ ಊರಿನ ಹಿರಿಯರೊಬ್ಬರು ಕೇಳಿದರು: "ಏಳ್ ದಿನ ಆದ್ಮೇಲೆ ಇದನ್ನ ಯಾರಪ್ಪಾ ನೋಡ್ಕೊಳೋರು?" ನಮ್ಮಲ್ಲಿ ಉತ್ತರ ಇರಲಿಲ್ಲ. ದೇಶಮುಖ್ ಸಮಿತಿ ಓದುವಾಗ ನನಗೆ ಈ ಪ್ರಶ್ನೆಯೇ ನೆನಪಾಯಿತು. ಬಲವಂತದ ಸೇವೆಗೆ ನನ್ನ ಒಪ್ಪಿಗೆ ಇಲ್ಲ, ಸಯ್ಯದೈನ್ ಹೇಳಿದ್ದೇ ಸರಿ. ಆದರೆ ಒಂದು ಊರನ್ನು ದತ್ತು ತಗೊಂಡ ಮೇಲೆ ಮುಂದಿನ ವರ್ಷವೂ ಅದೇ ಊರಿಗೆ ಹೋಗಬೇಕು. ಇಲ್ಲದಿದ್ದರೆ ಕಲಿತವರು ನಾವು ಮಾತ್ರ, ಹೂಳು ಮತ್ತೆ ಅವರ ಪಾಲಿಗೆ.

ಈ ವರ್ಷ ಡಿಗ್ರಿ ಸೇರ್ತಿರೋರು ಎನ್‌ಎಸ್‌ಎಸ್ ಅಧಿಕಾರಿ ಯಾರು ಅಂತ ವಿಚಾರಿಸಿ, ಸಾಮಾನ್ಯವಾಗಿ ನಿಮಗೆ ಪಾಠ ಮಾಡೋ ಮೇಷ್ಟ್ರೋ ಮೇಡಮ್ಮೋ ಆಗಿರ್ತಾರೆ. ಹೆಸರು ಬರೆಸುವಾಗಲೇ ಕೇಳಿ: ಹೋದ ವರ್ಷ ಯಾವ ಊರಿಗೆ ಹೋಗಿದ್ರಿ, ಈ ಸಲ ಯಾವ ಊರು?